ಶೇ 1 ಆಮ್ಲಜನಕ ಮತ್ತು ನನ್ನ ಮಾಯವಾಗುವ ಪಟ್ಟಿ

ಕೋಶ ಬೆಳೆಸುವ ಇನ್‌ಕ್ಯುಬೇಟರಿನ ಪರದೆಯ ಮೇಲೆ ಆಮ್ಲಜನಕ ಶೇ 1 ಎಂದು ಕಂಡರೆ ತಟ್ಟೆಯ ತಳದ ಕೋಶಗಳಿಗೂ ಅಷ್ಟೇ ಸಿಗುತ್ತಿದೆ ಎಂದು ನಂಬಿ ಮೂರು ತಿಂಗಳು ಕಳೆದೆ. ಚರ್ಮದ ಒಳಪದರದ ಫೈಬ್ರೊಬ್ಲಾಸ್ಟ್ ಕೋಶಗಳಿಗೆ ಉಸಿರುಗಟ್ಟಿದರೆ, ಅವು ತಯಾರಿಸುವ, ಚರ್ಮಕ್ಕೆ ಬಲ ಕೊಡುವ ಪ್ರೋಟೀನಾದ ಕೊಲಾಜೆನ್‌ನ ತಯಾರಿಕೆ ಏನಾಗುತ್ತದೆ ಎಂಬುದು ನನ್ನ ಪ್ರಶ್ನೆಯಾಗಿತ್ತು.

ಕೊರತೆ ನಿಜವಾಗಿ ತಟ್ಟಿದೆಯೇ ಎಂದು ತಿಳಿಯಲು ಹಿಫ್-1 ಆಲ್ಫಾ ಎಂಬ ಪ್ರೋಟೀನನ್ನು ಹುಡುಕುತ್ತೇವೆ. ಆಮ್ಲಜನಕ ಸಾಕಷ್ಟಿದ್ದರೆ ಕೋಶವೇ ಅದನ್ನು ಒಡೆದುಹಾಕುತ್ತದೆ. ಇಲ್ಲವಾದರೆ ಅದು ಉಳಿದು ಹಲವು ಜೀನ್‌ಗಳನ್ನು ಎಬ್ಬಿಸುತ್ತದೆ. ಪ್ರತಿಕಾಯದಿಂದ ಪ್ರೋಟೀನನ್ನು ಗುರುತಿಸಿ ಕಪ್ಪು ಪಟ್ಟಿಯಾಗಿ ತೋರಿಸುವ ನನ್ನ ಬ್ಲಾಟ್ ಪರೀಕ್ಷೆಗಳಲ್ಲಿ ಅದರ ಪಟ್ಟಿ ಒಂದು ದಿನ ಕಡುಗಪ್ಪು, ಮರುದಿನ ಮಾಯ. ಪ್ರತಿಕಾಯವನ್ನು ಬೈದೆ, ಹೊಸದನ್ನು ತರಿಸಿದೆ. ತಪ್ಪು ನನ್ನ ನಿಧಾನದಲ್ಲಿತ್ತು. ತಟ್ಟೆಗಳನ್ನು ಹೊರತೆಗೆದು ಪಕ್ಕದ ಕೋಣೆಗೆ ಒಯ್ದು, ಎರಡು ಸಲ ತೊಳೆದು, ಆಮೇಲೆ ಕೋಶಗಳನ್ನು ಒಡೆಯುತ್ತಿದ್ದೆ. ಗಾಳಿ ಸೋಕಿದ ಕೆಲವೇ ನಿಮಿಷಗಳಲ್ಲಿ ಆ ಪ್ರೋಟೀನ್ ಕರಗಿಹೋಗುತ್ತದೆ! ಈಗ ಶೇ 1 ಆಮ್ಲಜನಕದ, ಕೈಗವಸಿರುವ ಪೆಟ್ಟಿಗೆಯೊಳಗೇ ಮಾಧ್ಯಮ (ಕೋಶಗಳನ್ನು ಬೆಳೆಸುವ ಪೋಷಕ ದ್ರವ) ಹೀರಿ, ಕೋಶ ಒಡೆಯುವ ದ್ರಾವಣ ಸುರಿದು, ನಂತರವೇ ತಟ್ಟೆಯನ್ನು ಹೊರತಂದು ಮಂಜುಗಡ್ಡೆಯ ಮೇಲಿಡುತ್ತೇನೆ. ಮಾಧ್ಯಮವನ್ನು ಹಿಂದಿನ ರಾತ್ರಿಯೇ ಅಗಲ ಪಾತ್ರೆಯಲ್ಲಿ ಅದೇ ಗಾಳಿಗೆ ಒಡ್ಡಿರುತ್ತೇನೆ. ಹೊಸದಾಗಿ ಸುರಿದದ್ದರಲ್ಲಿ ಕರಗಿರುವ ಆಮ್ಲಜನಕ ಇಳಿಯಲು ಗಂಟೆಗಳೇ ಹಿಡಿಯುತ್ತವೆ.

ಪಟ್ಟಿ ಸ್ಥಿರವಾಯಿತು. 24 ಗಂಟೆಗೆ ಕೊಲಾಜೆನ್ ತಯಾರಿಸಲು ಸೂಚನೆ ಒಯ್ಯುವ ಸಂದೇಶ ಆರ್‌ಎನ್‌ಎ ಏರಿತ್ತು, ಹಿಗ್ಗಿದೆ. ಆದರೆ ಕೋಶದ ಹೊರಗೆ ಕೂಡಿದ ಕೊಲಾಜೆನ್ ಅಳೆಯಲು ಅದರಲ್ಲಿ ಹೇರಳವಾಗಿರುವ ಹೈಡ್ರಾಕ್ಸಿಪ್ರೋಲಿನ್ ಎಂಬ ಅಮೈನೊ ಆಮ್ಲ ನೋಡಿದರೆ ಆ ಏರಿಕೆಯ ಸುಳಿವೇ ಇಲ್ಲ. ಸಂದೇಶ ಹೆಚ್ಚಿದ ಮಾತ್ರಕ್ಕೆ ಸರಕು ಹೊರಬೀಳುವುದಿಲ್ಲ. ಕೊಲಾಜೆನ್‌ನಲ್ಲಿರುವ ಪ್ರೋಲಿನ್ ಎಂಬ ಅಮೈನೊ ಆಮ್ಲಕ್ಕೆ ಹೈಡ್ರಾಕ್ಸಿಲ್ ಗುಂಪು ಸೇರದಿದ್ದರೆ ಕೊಲಾಜೆನ್‌ನ ಮೂರೆಳೆಯ ಹುರಿ ದೇಹದ ಶಾಖದಲ್ಲಿ ಬಿಚ್ಚಿಕೊಳ್ಳುತ್ತದೆ. ಆ ಕೆಲಸ ಮಾಡುವ ಕಿಣ್ವಕ್ಕೆ ಆಮ್ಲಜನಕವೂ ಬೇಕು, ಕಬ್ಬಿಣವೂ ಬೇಕು, ವಿಟಮಿನ್ ಸಿ ಕೂಡ ಬೇಕು. ನಾನು ಬಳಸುತ್ತಿದ್ದ ಡಿಎಂಇಎಂ ಮಾಧ್ಯಮದಲ್ಲಿ ವಿಟಮಿನ್ ಸಿ ಇರುವುದೇ ಇಲ್ಲ. ಅಂದರೆ ಗಾಳಿ ಧಾರಾಳವಾಗಿದ್ದ ತಟ್ಟೆಗಳಲ್ಲೂ ಕಿಣ್ವ ಅರೆಹೊಟ್ಟೆಯಲ್ಲಿತ್ತು! ಮಾಧ್ಯಮದಲ್ಲಿ ಬೇಗ ಕೆಡದ ವಿಟಮಿನ್ ಸಿಯ ರೂಪವಾದ ಆಸ್ಕಾರ್ಬೇಟ್ ಫಾಸ್ಫೇಟನ್ನು ಈಗ ಎಲ್ಲ ತಟ್ಟೆಗಳಿಗೂ ಸಮನಾಗಿ ಹಾಕುತ್ತೇನೆ. ಒಂದು ಗುಂಪಿಗೆ ಮಾತ್ರ ಹಾಕಿದರೆ ಕೆಟ್ಟಿತು: ಹಿಫ್ ಒಡೆಯುವ ಹಾದಿಯ ಕಿಣ್ವಗಳಿಗೂ ಅದೇ ವಿಟಮಿನ್ ಬೇಕು.

ಇನ್ನೊಂದು ಮಾತು. ನಾವು ‘ಸಾಮಾನ್ಯ’ ಎನ್ನುವ ಇನ್‌ಕ್ಯುಬೇಟರಿನಲ್ಲಿ ಆಮ್ಲಜನಕ ಶೇ 18ರ ಮೇಲಿರುತ್ತದೆ. ದೇಹದೊಳಗಿನ ಚರ್ಮಕ್ಕೆ ಅದು ಎಂದೂ ಸಿಗದ ಸಿರಿ. ಹಾಗಾಗಿ ಶೇ 5ರ ಮೂರನೆಯ ಗುಂಪನ್ನೂ ಇಟ್ಟಿದ್ದೇನೆ. ಹೋಲಿಕೆಗೆ ನಾನು ಮೊದಲು ನೋಡುವುದು ಈಗ ಅದನ್ನೇ.