ಕಾಲಿಗಷ್ಟೇ ಅಲ್ಲ, ಹೊಟ್ಟೆಗೂ ತಾಲೀಮು ಬೇಕು

ನನ್ನ ಮೊದಲ 50 ಕಿಲೋಮೀಟರ್ ಟ್ರೇಲ್ ಓಟದಲ್ಲಿ (ಕಾಡು-ಗುಡ್ಡದ ಕಾಲುದಾರಿಯ ಓಟ) 36ನೇ ಕಿಲೋಮೀಟರಿಗೆ ಒಂದು ಕಲ್ಲಿನ ಮೇಲೆ ಕೂತುಬಿಟ್ಟೆ. ಕಾಲಲ್ಲಿ ಇನ್ನೂ ಶಕ್ತಿ ಇತ್ತು. ಆದರೆ ಓಡುವಾಗ ಶಕ್ತಿಗೆ ತಿನ್ನುವ ಸಿಹಿ ಪಾಕದಂಥ ಜೆಲ್ ಪೊಟ್ಟಣ ಬಾಯಿ ಹತ್ತಿರ ತಂದರೆ ಸಾಕು, ವಾಕರಿಕೆ. ಉಳಿದ ದಾರಿಯನ್ನು ನಡೆದೇ ಮುಗಿಸಿದೆ.

ತಪ್ಪು ಎಲ್ಲಾಯಿತು ಅಂತ ಹಿಂದಿನ ಐದು ತಿಂಗಳ ಡೈರಿ ತೆಗೆದು ನೋಡಿದೆ. ಓಡಿದ ದೂರ, ಹತ್ತಿದ ಎತ್ತರ ಎಲ್ಲ ಬರೆದಿದ್ದೆ. ಓಡುವಾಗ ಏನು ತಿಂದೆ ಅನ್ನುವುದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಆ ದಿನ ಮೊದಲ ಎರಡು ಗಂಟೆ ಹಸಿವಿಲ್ಲ ಅಂತ ಬರೀ ನೀರು ಕುಡಿದಿದ್ದೆ. ನಮ್ಮ ಸ್ನಾಯು ಮತ್ತು ಲಿವರ್ ಸೇರಿ ಕೂಡಿಡುವ ಗ್ಲೈಕೋಜನ್, ಅಂದರೆ ಓಟಕ್ಕೆ ಇಂಧನವಾಗುವ ಸಕ್ಕರೆಯ ದಾಸ್ತಾನು, ಸುಮಾರು 400ರಿಂದ 500 ಗ್ರಾಂ ಅಷ್ಟೇ. ಅದು ಕರಗುತ್ತಾ ಬಂದಿದ್ದು ನನಗೆ ಗೊತ್ತಾಗಲೇ ಇಲ್ಲ. ಮೂರನೇ ಗಂಟೆಗೆ ಸುಸ್ತಾಗಿ ಒಂದರ ಹಿಂದೆ ಒಂದು ಮೂರು ಜೆಲ್ ತಿಂದೆ, ಅದೂ ಕಡಿದಾದ ಏರಿನಲ್ಲಿ. ಜೋರಾಗಿ ಹತ್ತುವಾಗ ರಕ್ತವೆಲ್ಲ ಕಾಲಿನ ಕಡೆ ಹರಿಯುತ್ತದೆ, ಹೊಟ್ಟೆಗೆ ಕಡಿಮೆ ಸಿಗುತ್ತದೆ. ತಿಂದದ್ದು ಕರಗದೆ ಅಲ್ಲೇ ನಿಂತಿತು.

ಮುಂದಿನ ಸಲ ಹೊಟ್ಟೆಗೂ ಕಾಲಿನ ಹಾಗೇ ತಾಲೀಮು ಕೊಟ್ಟೆ. ವಾರದ ಉದ್ದ ಓಟದಲ್ಲಿ ಗಂಟೆಗೆ 30 ಗ್ರಾಂ ಕಾರ್ಬೋಹೈಡ್ರೇಟಿನಿಂದ ಶುರು ಮಾಡಿದೆ. ಎರಡು ವಾರಕ್ಕೊಮ್ಮೆ 10 ಗ್ರಾಂ ಏರಿಸುತ್ತಾ ಹೋದೆ. ಬರೀ ಗ್ಲೂಕೋಸ್ ಆದರೆ ಗಂಟೆಗೆ 60 ಗ್ರಾಂ ಹತ್ತಿರ ಕರುಳು ಸಾಕು ಅನ್ನುತ್ತದೆ. ಫ್ರಕ್ಟೋಸ್ (ಹಣ್ಣಿನಲ್ಲಿರುವ ಸಕ್ಕರೆ) ಒಳಗೆ ಹೋಗುವ ದಾರಿ ಬೇರೆ, ಹಾಗಾಗಿ ಎರಡನ್ನೂ ಬೆರೆಸಿದರೆ ಅಭ್ಯಾಸ ಇದ್ದವರು 90 ಗ್ರಾಂವರೆಗೂ ಹೋಗಬಹುದು. ನನಗೆ 80ಕ್ಕೆ ಹೊಟ್ಟೆ ಉಬ್ಬರಿಸಿತು, 70ಕ್ಕೆ ನಿಲ್ಲಿಸಿದೆ. ಇದು ಪ್ರತಿಯೊಬ್ಬರಿಗೂ ಬೇರೆ ಬೇರೆ. ಇನ್ನೊಬ್ಬರ ಸಂಖ್ಯೆಯನ್ನು ಸುಮ್ನೆ ಎತ್ತಿಕೊಳ್ಳಬೇಡಿ.

ವಾಚಿನಲ್ಲಿ 20 ನಿಮಿಷಕ್ಕೊಂದು ಅಲಾರಂ ಇಟ್ಟೆ. ಅದು ಕೂಗಿದಾಗ ಹಸಿವಿರಲಿ ಬಿಡಲಿ, ಸ್ವಲ್ಪ ತಿನ್ನುವುದು. ಎದುರಿಗೆ ಕಡಿದಾದ ಏರು ಕಂಡರೆ ಅದಕ್ಕೆ ಮೊದಲೇ ತಿಂದುಬಿಡುತ್ತೇನೆ. ನಾಲ್ಕು ಗಂಟೆ ದಾಟಿದ ಮೇಲೆ ನನಗೆ ಸಿಹಿ ಕಂಡರೇ ಆಗುವುದಿಲ್ಲ. ಅದಕ್ಕೇ ಉಪ್ಪು ಸವರಿದ ಬೇಯಿಸಿದ ಆಲೂಗಡ್ಡೆ ಚೀಲದಲ್ಲಿ ಇದ್ದೇ ಇರುತ್ತದೆ.

ನೀರಿನ ಲೆಕ್ಕಕ್ಕೆ ತೂಕದ ಯಂತ್ರ ಸಾಕು. ಒಂದು ಗಂಟೆ ಓಡುವ ಮೊದಲು ಮತ್ತು ಆಮೇಲೆ ತೂಕ ನೋಡಿದೆ. 800 ಗ್ರಾಂ ಇಳಿದಿತ್ತು, ನಡುವೆ 400 ಮಿಲಿಲೀಟರ್ ಕುಡಿದಿದ್ದೆ. ಅಂದರೆ ಹೋದ ಬೆವರು ಸುಮಾರು 1.2 ಲೀಟರ್. ತಂಪು ಹೊತ್ತಿನಲ್ಲಿ ಇದು ಬಹಳ ಕಡಿಮೆ ಬಂತು. ಹೋದಷ್ಟನ್ನೂ ತುಂಬಲೇಬೇಕು ಅಂತೇನಿಲ್ಲ. ಅಗತ್ಯಕ್ಕಿಂತ ಜಾಸ್ತಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ, ಅದು ಪ್ರಾಣಕ್ಕೇ ಅಪಾಯ. ನಾನು ಬಾಯಾರಿಕೆ ನೋಡಿಕೊಂಡು ಕುಡಿಯುತ್ತೇನೆ, ಲೀಟರಿಗೆ ಸುಮಾರು 500 ಮಿಲಿಗ್ರಾಂ ಸೋಡಿಯಂ ಸೇರಿಸುತ್ತೇನೆ.

ಓಟದ ಯೋಜನೆಯಲ್ಲೂ ಬದಲಾವಣೆ ಮಾಡಿದೆ. ಟ್ರೇಲಿನಲ್ಲಿ 10 ಕಿಲೋಮೀಟರ್ ಒಂದು ಗಂಟೆಯೂ ಆಗಬಹುದು, ಎರಡೂವರೆಯೂ ಆಗಬಹುದು ಅಲ್ವಾ? ಹಾಗಾಗಿ ದೂರ ಬಿಟ್ಟು ಸಮಯ ಹಿಡಿದೆ. ಶನಿವಾರ ನಾಲ್ಕು ಗಂಟೆ, ಭಾನುವಾರ ದಣಿದ ಕಾಲಲ್ಲೇ ಎರಡು ಗಂಟೆ. ವಾರದ ಹೆಚ್ಚಿನ ಓಟ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ನಿಧಾನ.

ಇಳಿಜಾರನ್ನು ಬೇರೆಯಾಗಿಯೇ ಅಭ್ಯಾಸ ಮಾಡಿದೆ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯುತ್ತದೆ, ಅದಕ್ಕೇ ಅಷ್ಟು ನೋವು. ಒಂದು ಸಲ ಚೆನ್ನಾಗಿ ನೋಯಿಸಿಕೊಂಡರೆ ಮುಂದಿನ ಕೆಲವು ವಾರ ಅದೇ ಇಳಿಜಾರು ಅಷ್ಟು ಕಾಡುವುದಿಲ್ಲ. ಹಾಗಾಗಿ ಕೊನೆಯ ದೊಡ್ಡ ಇಳಿಜಾರು ಓಟವನ್ನು ಸ್ಪರ್ಧೆಗೆ ಮೂರು ವಾರ ಮೊದಲು ಮುಗಿಸಿದೆ. ಕೊನೆಯ ಎರಡು ವಾರ ಓಟ ಅರ್ಧಕ್ಕೆ ಇಳಿಸಿದೆ.

ಎರಡನೇ 50ರಲ್ಲಿ 36ನೇ ಕಿಲೋಮೀಟರ್ ಬಂದಾಗ ನನ್ನ ಕೈಯಲ್ಲಿ ಆಲೂಗಡ್ಡೆ ಇತ್ತು, ಓಡುತ್ತಲೇ ತಿಂದೆ. ಈಗ 80ಕ್ಕೆ ತಯಾರಿ ನಡೆದಿದೆ. ಅದರಲ್ಲಿ ಅರ್ಧ ದಾರಿ ರಾತ್ರಿಯಲ್ಲಿ. ಆ ಹೊತ್ತಿಗೆ ಹೊಟ್ಟೆ ಏನನ್ನು ಒಪ್ಪುತ್ತದೆ ಅಂತ ನೋಡಲು ತಿಂಗಳಿಗೊಮ್ಮೆ ಮಧ್ಯರಾತ್ರಿ ತಲೆಗೆ ಟಾರ್ಚ್ ಕಟ್ಟಿಕೊಂಡು ಹೊರಡುತ್ತಿದ್ದೇನೆ.