ಕಾಟಾ ರೂಮಿನಲ್ಲಿ ಹದಿನೈದು ದಿನ: ಗಂಗಾವತಿಯಿಂದ ಸಾಫ್ಟ್‌ವೇರ್ ಮಾಡಿದ ನನ್ನ ಅನುಭವ

"ಗಂಗಾವತ್ಯಾಗ ಕುಂತು ಸಾಫ್ಟ್‌ವೇರ್ ಕಂಪನಿ ನಡಸ್ತಿಯೇನು?" ಅಂತ ನಕ್ಕವರಿಗೆ ಉತ್ತರ ಕೊಡೋಕೆ ಆರು ವರ್ಷ ಹಿಡೀತು. ಈಗ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಸೇರಿ ನಲವತ್ತರ ಹತ್ತಿರ ಅಕ್ಕಿ ಗಿರಣಿಗಳಲ್ಲಿ ನಮ್ಮ ತೂಕ-ಲೆಕ್ಕದ ಸಾಫ್ಟ್‌ವೇರ್ ಓಡ್ತಿದೆ. ಹೋದ ಎರಡು ಸೀಸನ್‌ನಲ್ಲಿ ಒಬ್ಬ ಸಾವುಕಾರ್ರೂ ಬಿಟ್ಟುಹೋಗಿಲ್ಲ. ಅದಕ್ಕೇ ಸ್ವಲ್ಪ ಜಂಭ, ಸಹಿಸಿಕೊಳ್ಳಿ.

2019ರಲ್ಲಿ ಬೆಂಗಳೂರಿನ ಟೆಕ್ ಲೀಡ್ ಕೆಲಸ ಬಿಟ್ಟು ಊರಿಗೆ ಬಂದೆ. ಗಿರಾಕಿಗಳು ಆರೇ ಗಿರಣಿ, ಕಟ್ಟಿದ್ದು ಆರು ಸಾವಿರ ಗಿರಣಿಗೆ ಆಗುವಷ್ಟು. ಒಂಬತ್ತು ಮೈಕ್ರೋಸರ್ವಿಸ್ (ಒಂದೇ ಸಾಫ್ಟ್‌ವೇರನ್ನ ತುಂಡು ತುಂಡು ಮಾಡಿ ಬೇರೆ ಬೇರೆ ಓಡಿಸೋದು), ಆ ತುಂಡುಗಳನ್ನ ನೋಡ್ಕೊಳ್ಳೋಕೆ ಕುಬರ್ನೆಟಿಸ್, ತಿಂಗಳಿಗೆ 38 ಸಾವಿರದ ಆಸುಪಾಸು ಕ್ಲೌಡ್ ಬಿಲ್ಲು. ಗಿರಣಿಗಳಿಂದ ಬರ್ತಿದ್ದದ್ದು 15 ಸಾವಿರ, ಅದೂ ಸಾವುಕಾರ್ರ ಮೂಡ್ ಚೆನ್ನಾಗಿದ್ದರೆ. ಕೋಡ್ ಬರೆಯೋ ಮೂವರೂ ಬೆಂಗಳೂರಿನಲ್ಲಿ. ಭತ್ತದ ಚೀಲ ಮುಟ್ಟಿ ಗೊತ್ತಿಲ್ಲ. ಹದಿನಾಲ್ಕು ತಿಂಗಳಲ್ಲಿ ಸುಮಾರು 22 ಲಕ್ಷ ಕರಗಿತು. ಅದರಲ್ಲಿ ಏಳು ಲಕ್ಷ ನಮ್ಮ ಮಾವನವರದು. ಎರಡು ವರ್ಷ ಹಬ್ಬಕ್ಕೆ ಅವರ ಮನೆ ಕಡೆ ತಲೆ ಹಾಕಲಿಲ್ಲ.

ಸುಗ್ಗಿಯಲ್ಲಿ ಒಂದು ರಾತ್ರಿ, ಗೇಟಿನಾಚೆ ಹದಿನೆಂಟೋ ಇಪ್ಪತ್ತೋ ಲಾರಿ ನಿಂತಿವೆ. ನೆಟ್ ಹೋಯ್ತು. ಸ್ಕ್ರೀನಿನ ಮೇಲೆ ಚಕ್ರ ತಿರುಗ್ತಾನೇ ಇದೆ. ಅರವತ್ತು ದಾಟಿದ ಗುಮಾಸ್ತರು ಕನ್ನಡಕ ಹಣೆಗೇರಿಸಿ, "ತಮ್ಮಾ, ನಿನ್ನ ಕಂಪ್ಯೂಟರ್ ಏಳೂದ್ರಾಗ ಲಾರಿ ಸಿಂಧನೂರು ಮುಟ್ಟಿರ್ತೈತಿ" ಅಂದು ಕೈಯಲ್ಲಿ ಲೆಕ್ಕ ಬರೆಯೋ ಚಿಟ್ಟಾ ಪುಸ್ತಕ ತೆಗೆದರು. ಮರುದಿನ ಆ ಗಿರಣಿ ನಮ್ಮ ಕೈಬಿಟ್ಟಿತು. ಬಾಕಿ ದುಡ್ಡೂ ಬರಲಿಲ್ಲ.

ಆಮೇಲೆ ನಾನೇ ಇನ್ನೊಂದು ಗಿರಣಿಯ ಕಾಟಾ ರೂಮಿನಲ್ಲಿ, ಅಂದರೆ ಲಾರಿ ತೂಗೋ ಕೋಣೆಯಲ್ಲಿ, ಹೋಗಿ ಕೂತೆ. ಲ್ಯಾಪ್‌ಟಾಪ್ ಇಲ್ಲ, ನೋಟ್‌ಬುಕ್ ಮಾತ್ರ. ನಾಲ್ಕನೇ ದಿನಕ್ಕೆ ಕಣ್ಣಿಗೆ ಬಿದ್ದದ್ದು ಇದು: ತುಂಬಿದ ಲಾರಿ ಕಾಟಾ ಹತ್ತಿದಾಗ ಕ್ಲೀನರ್ ಒಳಗೇ ಕೂತಿರ್ತಾನೆ. ಖಾಲಿ ಲಾರಿ ತೂಗುವಾಗ ಇಳಿದು ಚಾ ಕುಡೀತಿರ್ತಾನೆ. ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆದರೆ ಭತ್ತದ ತೂಕ, ಅಷ್ಟಕ್ಕೇ ಅವನ ಅರವತ್ತು ಕೆಜಿ ಭತ್ತದ ಲೆಕ್ಕಕ್ಕೆ ಸೇರುತ್ತೆ. ಇಲ್ಲಿ ಭತ್ತದ ಚೀಲ ಅಂದರೆ 75 ಕೆಜಿ. ಲಾರಿಗೆ ಮುಕ್ಕಾಲು ಚೀಲದ ಮೇಲೆ ಸಾವುಕಾರ್ರ ಕೈಬಿಡ್ತಿತ್ತು. ಚಿಟ್ಟಾ ಬರೆಯುವಾಗ ಗುಮಾಸ್ತರು ಕಿಟಕಿಯಿಂದ ಒಮ್ಮೆ ಇಣುಕಿ "ಕ್ಲೀನರ್ ಇಳೀಲಿ" ಅಂತ ಕೂಗ್ತಿದ್ದರು. ಆದರೆ ನಮ್ಮ ಸಾಫ್ಟ್‌ವೇರ್, ತೂಕ ತೋರಿಸೋ ಕೆಂಪು ಅಂಕಿ ನಿಂತ ಕೂಡಲೇ ತೂಕ ಬರ್ಕೊಂಡು ಚೀಟಿ ಹೊಡೀತಿತ್ತು. ಇದನ್ನ ಯಾವ ರಿಕ್ವೈರ್ಮೆಂಟ್ ಡಾಕ್ಯುಮೆಂಟೂ ನನಗೆ ಹೇಳಿರಲಿಲ್ಲ.

ಅಲ್ಲಿಂದ ಎಲ್ಲಾ ಒಡೆದು ಕಟ್ಟಿದ್ದು. ಗಿರಣಿಗೊಂದು ಪುಟ್ಟ ಪಿಸಿ, ಅದಕ್ಕೊಂದು ಬ್ಯಾಟರಿ, ತೂಕ ತೋರಿಸೋ ಕಾಟಾ ಇಂಡಿಕೇಟರಿನ ಸೀರಿಯಲ್ ಪೋರ್ಟಿಗೆ ಕೇಬಲ್, ಒಳಗೆ ಒಂದೇ ಪ್ರೋಗ್ರಾಮು, ಲೆಕ್ಕವೆಲ್ಲ ಕೂಡಿಡೋ ಒಂದೇ ಎಸ್‌ಕ್ಯೂಲೈಟ್ ಫೈಲು. ನೆಟ್ ಇದ್ದರೆ ರಾತ್ರಿ ಸಿಂಕ್ ಆಗುತ್ತೆ, ಇಲ್ಲದಿದ್ದರೆ ನಾಳೆ. ಕ್ಲೌಡ್ ಬಿಲ್ಲು ಈಗ ನಾಲ್ಕು ಸಾವಿರದೊಳಗೆ. ಕಾಟಾ ಮೇಲೆ ಮನುಷ್ಯ ಇದ್ದಾನೋ ಇಲ್ಲವೋ ಅಂತ ಅಂಕಿಗಳ ಅಲುಗಾಟದಿಂದಲೇ ಹಿಡೀತೀವಿ. ಹೇಗೆ ಅಂತ ಕೇಳಬೇಡಿ, ನಮ್ಮ ಅನ್ನ ಅದು.

ಟೀಮ್ ಕೂಡ ಬದಲಾಯ್ತು. ಕೊಪ್ಪಳ, ರಾಯಚೂರು ಕಡೆಯ ಡಿಪ್ಲೊಮಾ ಹುಡುಗರು, ಹುಡುಗಿಯರು. ಸೇರಿದವರು ಮೊದಲ ಹದಿನೈದು ದಿನ ಕಾಟಾ ರೂಮಿನಲ್ಲೇ ಕೂರಬೇಕು. ಕೋಡ್ ಮುಟ್ಟೋ ಹಾಗಿಲ್ಲ. ಇದಕ್ಕೇ ನನ್ನ ಪಾರ್ಟ್‌ನರ್ ಜಗಳ ಮಾಡಿ ಹೊರಟುಹೋದ. "ಓದಿದ ಹುಡುಗರನ್ನ ಹಮಾಲಿಗೆ ಹಚ್ತಿಯಾ" ಅಂದ. ನಿಜ ಹೇಳಬೇಕಂದರೆ ಇಬ್ಬರು ಮೂರನೇ ದಿನಕ್ಕೇ ಧೂಳು ತಡೀದೆ ಓಡಿದರು. ಉಳಿದವರು ಇವತ್ತಿಗೂ ಇದ್ದಾರೆ. ರಾತ್ರಿ ಹತ್ತಕ್ಕೆ ಗಿರಣಿಯಿಂದ ಫೋನ್ ಬಂದರೆ, ಏನಾಗಿರಬಹುದು ಅಂತ ಅವರಿಗೆ ದನಿಯಲ್ಲೇ ಗೊತ್ತಾಗುತ್ತೆ.

2022ರ ಜುಲೈ ಕಥೆ ಹೇಳಲೇಬೇಕು. 25 ಕೆಜಿವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ 18ನೇ ತಾರೀಕಿನಿಂದ ಶೇ 5 ಜಿಎಸ್‌ಟಿ ಬಂತು. ಗಿರಣಿಗಳು ಸುಮ್ಮನೆ 26 ಕೆಜಿ ಚೀಲಕ್ಕೆ ಹಾರಿದವು. ನಮ್ಮ ಕೋಡಿನಲ್ಲಿ 25 ಅನ್ನೋ ಅಂಕಿ ಹದಿನಾಲ್ಕು ಕಡೆ ಸೀದಾ ಬರೆದು ಕೂತಿತ್ತು. ಬರೆದ ಪುಣ್ಯಾತ್ಮ ನಾನೇ. ಹದಿಮೂರು ಕಡೆ ಬದಲಿಸಿದೆವು. ಹದಿನಾಲ್ಕನೆಯದು ಸ್ಟಾಕ್ ರಿಪೋರ್ಟಿನಲ್ಲಿ ಉಳೀತು. ಒಂದು ಗಿರಣಿಯ ಗೋದಾಮಿನಲ್ಲಿ ಚೀಲಕ್ಕೊಂದು ಕೆಜಿಯಂತೆ ಮೂರ್ನಾಲ್ಕು ಟನ್ ಅಕ್ಕಿ ಲೆಕ್ಕಕ್ಕಿಂತ ಜಾಸ್ತಿ ಕಂಡು, ಸಾವುಕಾರ್ರು ಗುಮಾಸ್ತರ ಮೇಲೆ ಅನುಮಾನ ಪಟ್ಟರು. ನಾನೇ ಹೋಗಿ ತಪ್ಪು ನಮ್ಮದು ಅಂತ ಎಲ್ಲರೆದುರು ಹೇಳಿ, ಮೂರು ತಿಂಗಳ ಬಾಡಿಗೆ ಬಿಟ್ಟೆ. ಆ ಗುಮಾಸ್ತರೇ ಮುಂದೆ ನನಗೆ ಐದು ಗಿರಣಿ ತಂದುಕೊಟ್ಟರು.

ನಡುವೆ ಚಟಕ್ಕೆ ಮಾಡಿದ್ದೂ ಇವೆ. ಕ್ಯಾಮೆರಾದಿಂದ ಗಾಡಿ ನಂಬರ್ ಓದಿಸಲು ಹೋದೆ. ಟ್ರ್ಯಾಕ್ಟರ್ ಟ್ರೇಲರಿಗೆ ಎಷ್ಟೋ ಸಲ ನಂಬರೇ ಇರಲ್ಲ. ಲಾರಿಯ ಹಿಂದೆ ಬರೆಸಿದ ಮಗಳ ಹೆಸರನ್ನೇ ಅದು ನಂಬರ್ ಅಂತ ಓದಿತು. ಮೊಬೈಲ್ ಫೋಟೋದಿಂದ ನುಚ್ಚಿನ ಪ್ರಮಾಣ ಎಣಿಸುವುದಕ್ಕೆ 1.8 ಲಕ್ಷ ಹೋಯ್ತು. ಆಫೀಸಿನಲ್ಲಿ ನೀಲಿ ಬಟ್ಟೆ ಮೇಲೆ ಸೊಗಸಾಗಿ ಎಣಿಸ್ತಿತ್ತು, ಗಿರಣಿಯಲ್ಲಿ ತೌಡಿನ ಧೂಳು ಲೆನ್ಸಿಗೆ ಕೂತು ಎಲ್ಲಾ ನುಚ್ಚೇ ಅಂದಿತು. ಅದನ್ನ ಇನ್ನೂ ಪೂರ್ತಿ ಬಿಟ್ಟಿಲ್ಲ.

ದುಡ್ಡಿನ ವಿಷಯದಲ್ಲಿ ಒಂದು ಮಾತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ, ತುದಿಗೆ ಬಂದಿದ್ದ ಎರಡು ಗಿರಣಿಯ ಮಾತುಕತೆ ಅಲ್ಲೇ ನಿಂತಿತು. ನೀರಿಲ್ಲದೆ ಭತ್ತ ಇಲ್ಲ, ಭತ್ತ ಇಲ್ಲದೆ ತೂಗೋದೇನು? ಅವತ್ತಿನಿಂದ ತಿಂಗಳ ಬಾಡಿಗೆ ತೆಗೆದುಹಾಕಿ ಲಾರಿಗಿಷ್ಟು ಅಂತ ಮಾಡಿದೆವು, ಎಷ್ಟು ಅನ್ನೋದು ಆಯಾ ಸಾವುಕಾರ್ರಿಗೂ ನನಗೂ ಗೊತ್ತು. ಸುಗ್ಗಿಯಲ್ಲಿ ಬರುತ್ತೆ, ಉಳಿದಾಗ ಬಿಗಿ ಹಿಡೀಬೇಕು. ಮಾವನವರ ಏಳರಲ್ಲಿ ಐದು ತೀರಿದೆ.

ಮೊದಲು ಕೈಬಿಟ್ಟ ಗಿರಣಿ ಹೋದ ವರ್ಷ ವಾಪಸ್ ಬಂತು. ಆ ಗುಮಾಸ್ತರು ಈಗಲೂ ಚಿಟ್ಟಾ ಬರೀತಾರೆ. ಸಂಜೆ ನಮ್ಮ ಹುಡುಗಿ ಹೋಗಿ ಎರಡನ್ನೂ ತಾಳೆ ನೋಡ್ತಾಳೆ. ವ್ಯತ್ಯಾಸ ಬಂದರೆ ಮೊದಲು ನಮ್ಮ ಕೋಡನ್ನೇ ತೆಗೀತೀವಿ.