ಪೆನ್ಸಿಲ್ ಹಿಡಿಸುವ ಮುನ್ನ ಹೆಗಲು ಗಟ್ಟಿಯಾಗಲಿ

“ಕುಂತಲ್ಲೆ ಕುಂದ್ರಂಗಿಲ್ರೀ ಅಕ್ಕೋರ. ಎರಡು ಸಾಲು ಬರಿಯಾಕ ಒಂದು ತಾಸು ಹಿಡಿತಾನ, ಅಷ್ಟರಾಗ ಹತ್ತು ಸಲ ಏಳ್ತಾನ.” ಶಾಲೆ ಶುರುವಾದ ತಿಂಗಳೊಪ್ಪತ್ತಿನಲ್ಲಿ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಒಂದನೇ ತರಗತಿಯ ಬಾಗಿಲಲ್ಲಿ ಈ ಮಾತು ಕೇಳಿಸುತ್ತಲೇ ಇರುತ್ತದೆ. ಅದಕ್ಕೆ ಮನೆಯಲ್ಲೂ ಟ್ಯೂಷನ್ನಿನಲ್ಲೂ ಸಿಗುವ ಮದ್ದು ಒಂದೇ: ಇನ್ನೂ ಎರಡು ಪುಟ ಕಾಪಿ. ರೋಗ ಒಂದು ಕಡೆ, ಮದ್ದು ಇನ್ನೊಂದು ಕಡೆ.

ನೆಲದ ಮೇಲೆ ಕುಳಿತು ಪಾಟಿಯಲ್ಲಿ ಬರೆಯುವ ಮಗುವಿನ ಮೈಯೊಳಗೆ ಏನೇನು ನಡೆಯುತ್ತದೆ ನೋಡಿ. ಬೆನ್ನು ನೆಟ್ಟಗಿರಬೇಕು, ಹೆಗಲು ತೋಳನ್ನು ಹಿಡಿದು ನಿಲ್ಲಿಸಬೇಕು, ಮಣಿಕಟ್ಟು ಅಲುಗಬಾರದು. ಇಷ್ಟಾದ ಮೇಲೆ ಬೆರಳಿನ ಕೆಲಸ. ಮೈಯ ಹಿಡಿತ ನಡುವಿನಿಂದ ಹೆಗಲಿಗೆ, ಹೆಗಲಿನಿಂದ ಅಂಗೈಗೆ, ಕೊನೆಗೆ ಬೆರಳ ತುದಿಗೆ ಬರುತ್ತದೆ. ಬೆನ್ನು, ಹೆಗಲು ಇನ್ನೂ ಬಲಿತಿಲ್ಲದ ಮಗುವಿನ ಗಮನವೆಲ್ಲ ಮೈಯನ್ನು ಹಿಡಿದಿಡುವುದಕ್ಕೇ ಖರ್ಚಾಗುತ್ತದೆ. ಉಳಿದದ್ದು ‘ಅ’ ಎತ್ತ ಸುತ್ತಬೇಕು ಎನ್ನುವುದಕ್ಕೆ ಹೋಗುತ್ತದೆ. ಅಕ್ಕೋರು ಹೇಳಿದ್ದನ್ನು ಕೇಳಲು ಏನೂ ಉಳಿದಿರುವುದಿಲ್ಲ. ಕೈ ತಾನಾಗಿ ಓಡತೊಡಗಿದಾಗಷ್ಟೇ ತಲೆ ಬಿಡುವಾಗುತ್ತದೆ.

ತಲೆಯೊಳಗೆ ಚಲನೆಗೂ ಗಮನಕ್ಕೂ ಇರುವ ನಂಟು ಇನ್ನೂ ಹತ್ತಿರದ್ದು. ಮೈಯ ಚಲನೆಯನ್ನು ಹದಗೊಳಿಸುವ ಅನುಮಸ್ತಿಷ್ಕ ಗಾತ್ರದಲ್ಲಿ ಮೆದುಳಿನ ಹತ್ತರಲ್ಲೊಂದು ಪಾಲು. ಆದರೆ ಮೆದುಳಿನ ನರಕೋಶಗಳಲ್ಲಿ ಸುಮಾರು ಶೇ 80ರಷ್ಟು ಅಲ್ಲೇ ಇವೆ. ಗಮನ, ಯೋಜನೆಗಳನ್ನು ನೋಡಿಕೊಳ್ಳುವ ಮುಂಭಾಗದ ಮೆದುಳೂ ಇದೂ ಹೊಸ, ಕಷ್ಟದ ಕೆಲಸ ಬಂದಾಗ ಒಟ್ಟಿಗೇ ಎಚ್ಚರಗೊಳ್ಳುತ್ತವೆ ಎಂದು ಮನೋವಿಜ್ಞಾನಿ ಅಡೆಲ್ ಡೈಮಂಡ್ 2000ದಲ್ಲೇ ವಿವರಿಸಿದ್ದರು.

ಮೊದಲು ಸುಮ್ಮನೆ ನೋಡಿ

ಮಗು ಬರೆಯುವಾಗ ಪಕ್ಕದಲ್ಲಿ ಕುಳಿತು, ತಿದ್ದದೆ ನೋಡಿ. ತಲೆ ತೋಳಿನ ಮೇಲೆ ಒರಗುತ್ತಿದೆಯೇ? ಬೆರಳಿನ ಬದಲು ಇಡೀ ತೋಳು ಓಡಾಡುತ್ತಿದೆಯೇ? ಉಗುರು ಬಿಳಿಚುವಷ್ಟು ಬಿಗಿಯಾಗಿ ಪೆನ್ಸಿಲ್ ಹಿಡಿದಿದೆಯೇ? ಎಲ್ಲಿ ಸೋಲುತ್ತಿದೆಯೋ ಅದಕ್ಕಿಂತ ಒಂದು ಮೆಟ್ಟಿಲು ಹಿಂದಿನಿಂದ ಆಟ ಶುರು ಮಾಡಿ. ಇದನ್ನೇ ಪರೀಕ್ಷೆ ಮಾಡಿಬಿಟ್ಟರೆ ಮಗು ಮರುದಿನ ಪಾಟಿಚೀಲವನ್ನೇ ಬಚ್ಚಿಡುತ್ತದೆ.

ಆಮೇಲೆ ಇಡೀ ಮೈ

ಕುಂಟಾಬಿಲ್ಲೆ, ಕಪ್ಪೆ ಜಿಗಿತ, ಗಿಡ ಹತ್ತುವುದು, ಪಂಚಮಿ ಜೋಕಾಲಿ. ಹೊಸದೇನೂ ಬೇಕಿಲ್ಲ. ಜೋಕಾಲಿ ಒಳಗಿವಿಯಲ್ಲಿರುವ ಸಮತೋಲನದ ಅಂಗಕ್ಕೆ ಕೆಲಸ ಕೊಡುತ್ತದೆ. ತುಂಬಿದ ತಂಬಿಗೆಯನ್ನು ಚೆಲ್ಲದೆ ತರುವುದು, ಸಣ್ಣ ಚೀಲ ಹೊರುವುದು ಸ್ನಾಯು, ಕೀಲುಗಳಿಗೆ ತಮ್ಮ ಅಳತೆಯನ್ನು ತಿಳಿಸಿಕೊಡುತ್ತವೆ. ನಮ್ಮ ಕಡೆಯ ಬಿಸಿಲು ಗೊತ್ತೇ ಇದೆ. ಆಟ ಬೆಳಿಗ್ಗೆ, ಸಂಜೆಗೆ ಇರಲಿ. ಮೂರು, ನಾಲ್ಕು ವರ್ಷದವರು ದಿನಕ್ಕೆ ಒಟ್ಟು 180 ನಿಮಿಷ ಓಡಾಡಿಕೊಂಡಿರಬೇಕು, ಅದರಲ್ಲಿ 60 ನಿಮಿಷ ಏದುಸಿರು ಬರುವಂಥ ಆಟವಿರಬೇಕು, ಮೊಬೈಲ್-ಟಿ.ವಿ. ಒಂದು ತಾಸು ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅಂಗಳದಲ್ಲಿ ಬೆಳೆಯುವ ಮಗುವಿಗೆ ಇದು ಲೆಕ್ಕವೇ ಅಲ್ಲ. ಎರಡು ಕೋಣೆಯ ಬಾಡಿಗೆ ಮನೆಯ ಮಗುವಿಗಾದರೆ ದೊಡ್ಡವರೇ ಹೊರಗೆ ಕರೆದೊಯ್ಯಬೇಕು.

ಮಣ್ಣಿನಲ್ಲಿ ಕೈ ಇಳಿಸಿ

ನನ್ನನ್ನು ಕೇಳಿದರೆ ಇಡೀ ಕ್ರಮದ ಜೀವಾಳ ಇದು. ಶಾಲೆ ಆರಂಭವಾಗಿ ಕೆಲವೇ ವಾರಗಳಲ್ಲಿ ಮಣ್ಣೆತ್ತಿನ ಅಮವಾಸ್ಯೆ ಬರುತ್ತದೆ. ಅಂಗಡಿಯಿಂದ ಅಚ್ಚಿನ ಎತ್ತು ತರಬೇಡಿ.

ಎರೆಮಣ್ಣು ತಂದು ಕಲ್ಲು, ಬೇರು ಆರಿಸಿ. ಔಷಧ ಹೊಡೆದ ಹತ್ತಿ ಹೊಲದ ಮಣ್ಣು ಬೇಡ. ನೀರನ್ನು ಚಿಮುಕಿಸುತ್ತ ಮಗುವೇ ನಾದಲಿ. ಕೈಗೆ ಅಂಟುವುದು ನಿಂತಾಗ ಹದ ಬಂತು. ಈ ನಾದುವಿಕೆಯಲ್ಲಿ ಹೆಗಲು, ಮೊಳಕೈ, ಅಂಗೈ ಮೂರೂ ದುಡಿಯುತ್ತವೆ. ಉದ್ದನೆಯ ಉಂಡೆ ಮಾಡಿ ಅದರಿಂದಲೇ ನಾಲ್ಕು ಕಾಲು ಎಳೆಯಲಿ. ಬೇರೆ ಮಾಡಿ ಅಂಟಿಸಿದ ಕಾಲು ಒಣಗಿದೊಡನೆ ಕಳಚುತ್ತದೆ, ಮಗು ಅಳುತ್ತದೆ. ಇನ್ನು ಇಣಿ, ಅಂದರೆ ಎತ್ತಿನ ಹೆಗಲ ಮೇಲಿನ ಡುಬ್ಬ. ಹೆಬ್ಬೆರಳು, ತೋರುಬೆರಳು, ನಡುಬೆರಳು ಸೇರಿಸಿ ಮಣ್ಣನ್ನು ಮೇಲಕ್ಕೆ ಚಿವುಟಿ ಎತ್ತಬೇಕು. ಪೆನ್ಸಿಲ್ ಹಿಡಿಯುವುದು ಇದೇ ಮೂರು ಬೆರಳಲ್ಲಿ. ಕೋಡು ಇನ್ನೂ ನಾಜೂಕಿನದು: ಹೆಚ್ಚು ಒತ್ತಿದರೆ ಮುರಿಯುತ್ತದೆ, ಕಡಿಮೆಯಾದರೆ ನಿಲ್ಲುವುದಿಲ್ಲ. ಎಷ್ಟು ಒತ್ತಬೇಕು ಎಂಬುದನ್ನು ಯಾವ ಕಾಪಿ ಪುಸ್ತಕವೂ ಇಷ್ಟು ಚೆನ್ನಾಗಿ ಕಲಿಸದು. ‘ಕುಂತಲ್ಲೆ ಕುಂದ್ರಂಗಿಲ್ಲ’ ಎನ್ನಿಸಿಕೊಂಡ ಮಗು ಎತ್ತಿನ ಎದುರು ಎಷ್ಟು ಹೊತ್ತು ಕೂತಿತೆಂದು ಗಡಿಯಾರ ನೋಡಿಕೊಳ್ಳಿ.

ಆಷಾಢದಲ್ಲಿ ಮಣ್ಣಿನಿಂದ ಮಾಡಿ ಪೂಜಿಸುವ ಗುಳ್ಳವ್ವ ಇದ್ದಾಳೆ. ಉಳಿದ ದಿನಗಳಿಗೆ ಜೋಳದ ಹಿಟ್ಟಿದೆ. ಅವ್ವ ರೊಟ್ಟಿ ಬಡಿಯುವಾಗ ನಿಂಬೆಹಣ್ಣಿನಷ್ಟು ಉಂಡೆ ಮಗುವಿನ ಮುಂದಿರಲಿ. ರೊಟ್ಟಿ ಹರಿದರೆ ಹರಿಯಲಿ. ಅನುಕೂಲವಿದ್ದರೆ ಕೊಪ್ಪಳದ ಪಕ್ಕದ ಕಿನ್ನಾಳಕ್ಕೆ ಒಮ್ಮೆ ಹೋಗಿಬನ್ನಿ. ಮರದ ಹೊಟ್ಟಿಗೆ ಹುಣಸೆ ಬೀಜದ ಅಂಟು ಕಲಸಿ ಗೊಂಬೆಗೆ ಮೆತ್ತುವ ಚಿತ್ರಗಾರರ ಬೆರಳನ್ನು ಮಗು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತದೆ.

ಗೋಡೆಯನ್ನೂ ಬಳಸಿಕೊಳ್ಳಿ. ಹಳೆಯ ಬ್ರಷ್, ಒಂದು ಚರಿಗೆ ನೀರು ಕೊಟ್ಟು ಹೊರಗಿನ ಗೋಡೆಗೆ ಬಣ್ಣ ಬಳಿಯಲು ಹೇಳಿ. ನಿಂತು, ಕೈ ಮೇಲೆತ್ತಿ ಗೀಚುವಾಗ ಹೆಗಲೂ ಮಣಿಕಟ್ಟೂ ಬಲಿಯುತ್ತವೆ. ಬಿಸಿಲಿಗೆ ಗೋಡೆ ತಾನೇ ಒಣಗುತ್ತದೆ.

ಬೆರಳು

ಶೇಂಗಾ ಸುಲಿಯುವುದು, ಚೆಂಡುಹೂ ಪೋಣಿಸುವುದು, ಹೆಸರು-ಅಲಸಂದಿ ಬೇರೆ ಮಾಡುವುದು, ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುವುದು, ಹರಳಾಟ. ಐದು ವರ್ಷದೊಳಗಿನವರ ಕೈಗೆ ಕಾಳು, ಶೇಂಗಾ ಕೊಟ್ಟು ಎದ್ದು ಹೋಗಬೇಡಿ. ಗಂಟಲಿಗೋ ಮೂಗಿಗೋ ಸೇರಿದರೆ ಆಸ್ಪತ್ರೆಗೆ ಓಡಬೇಕಾಗುತ್ತದೆ.

ಈಗ ಅಕ್ಷರ

ಉದ್ದನೆಯ ಬಳಪ ಬೇಡ, ಮುರಿದ ತುಂಡು ಕೊಡಿ. ತುಂಡು ಬಳಪವನ್ನು ಮುಷ್ಟಿಯಲ್ಲಿ ಹಿಡಿಯಲಾಗದು, ಮೂರು ಬೆರಳು ತಾವಾಗಿ ಕೂಡುತ್ತವೆ. ನಮ್ಮ ಲಿಪಿ ದುಂಡು ಲಿಪಿ. ಇಂಗ್ಲಿಷಿನಂತೆ ನಿಂತ ಗೆರೆ, ಮಲಗಿದ ಗೆರೆಯಲ್ಲೇ ತಿಂಗಳು ಕಳೆಯದೆ ಸೊನ್ನೆ, ಅರ್ಧ ಸೊನ್ನೆ, ಸುರುಳಿಗಳನ್ನು ರವೆ ಹರಡಿದ ತಟ್ಟೆಯಲ್ಲಿ ದೊಡ್ಡದಾಗಿ ಬರೆಸಿ. ಬಳಿಕ ‘ರ ಗ ಸ ದ ಅ’. ಹಳೆಯ ಮಾಸ್ತರರ ಈ ಕ್ರಮ ಕೈಗೆ ಹಿತವಾದದ್ದು. ಮೊಬೈಲ್ ಪರದೆ ಒತ್ತಿ ಅಕ್ಷರ ಕಲಿತರೆ ಸಾಲದೇ ಎನ್ನುವವರಿಗೆ ಒಂದು ಮಾತು: ಓದಲು ಬಾರದ ಐದು ವರ್ಷದ ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೈಯಾರೆ ಬರೆದು ಕಲಿತ ಅಕ್ಷರ ಕಂಡಾಗ ಓದಿಗೆ ಬೇಕಾದ ಮೆದುಳಿನ ಭಾಗಗಳು ಚುರುಕಾದವು, ಕೀಲಿ ಒತ್ತಿ ಕಲಿತ ಅಕ್ಷರಕ್ಕೆ ಹಾಗೆ ಆಗಲಿಲ್ಲ.

ಒಂದು ಸಲಕ್ಕೆ ಐದು, ಹತ್ತು ನಿಮಿಷ ಸಾಕು. ಎಡಗೈಯಲ್ಲಿ ಬರೆಯುವ ಮಗುವಿನ ಕೈ ಬದಲಿಸಬೇಡಿ. ಊಟದ ಕೈ ಬೇರೆ, ಬರೆಯುವ ಕೈ ಬೇರೆ ಇರಬಹುದೆಂದು ಅಜ್ಜಿಗೂ ತಿಳಿಸಿ. ಓದಿಗೆ ಕೂರಿಸುವ ಮುನ್ನ ಬಿರುಸಾಗಿ ಒಂದು ಸುತ್ತು ನಡೆಸಿ. 2009ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಒಂಬತ್ತು, ಹತ್ತು ವರ್ಷದ ಮಕ್ಕಳನ್ನು 20 ನಿಮಿಷ ನಡೆಸಿ ನೋಡಿದಾಗ ಗಮನದ ಪರೀಕ್ಷೆಯಲ್ಲೂ ಓದಿ ಅರ್ಥ ಮಾಡಿಕೊಳ್ಳುವುದರಲ್ಲೂ ಅವರು ಮೇಲಾಗಿದ್ದರು.

ಇದರಿಂದ ಅಂಕ ಏರುತ್ತದೆಂದು ನಾನು ಹೇಳಲಾರೆ. ಎಡ-ಬಲ ಮೆದುಳು ಜೋಡಿಸುತ್ತೇವೆಂದು ಸಾವಿರಾರು ರೂಪಾಯಿ ಕೇಳುವ ಕೋರ್ಸುಗಳಿಂದಂತೂ ದೂರವಿರಿ, ಅವುಗಳ ಹೇಳಿಕೆಗೆ ಗಟ್ಟಿ ಆಧಾರವಿಲ್ಲ.

ಆಟವೆಲ್ಲ ಆಡಿಸಿದ ಮೇಲೂ, ಐದು ದಾಟಿದ ಮಗು ಪದೇಪದೇ ಎಡವಿ ಬೀಳುತ್ತಿದ್ದರೆ, ಗುಂಡಿ ಹಾಕಲು, ಚೆಂಡು ಹಿಡಿಯಲು ಆಗದಿದ್ದರೆ ‘ಸೋಂಬೇರಿ’ ಅನ್ನಬೇಡಿ. ಶಾಲೆಗೆ ಹೋಗುವ ನೂರು ಮಕ್ಕಳಲ್ಲಿ ಐದಾರು ಮಕ್ಕಳಿಗೆ ಮೈಯ ಹೊಂದಾಣಿಕೆಯದೇ ತೊಂದರೆ ಇರುತ್ತದೆ, ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಗಮನದ ತೊಂದರೆಯೂ ಜೊತೆಗಿರುತ್ತದೆ. ಮೊದಲು ಕಣ್ಣು, ಕಿವಿ, ರಕ್ತಹೀನತೆ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುತ್ತದೆ. ಯಾವಾಗ ಬರುತ್ತದೆಂದು ಅಕ್ಕೋರನ್ನೇ ಕೇಳಿಟ್ಟುಕೊಳ್ಳಿ. ತಪಾಸಣೆಗೆ ದುಡ್ಡಿಲ್ಲ. ಹೋಗುವಾಗ ಮಗು ಬರೆಯುವ, ಓಡುವ, ಗುಂಡಿ ಹಾಕುವ ಒಂದೆರಡು ನಿಮಿಷದ ವಿಡಿಯೊ ಮೊಬೈಲಿನಲ್ಲಿ ಇರಲಿ. ಹೊಸಬರ ಎದುರು ಮಕ್ಕಳು ಅವ್ವನ ಸೆರಗು ಬಿಟ್ಟು ಬರುವುದಿಲ್ಲ.